ಐದು ದಿನದ ಚಾರಣಕ್ಕೆ ಬುತ್ತಿ ಎಷ್ಟು ಕಟ್ಟಬೇಕು, ದಾರಿಯಲ್ಲಿ ಎಲ್ಲಿ ತುಂಬಿಕೊಳ್ಳಬೇಕು?

ಒಂದು ದಿನದ ಚಾರಣ ಮುಗಿಸಿ ಮೊದಲ ಬಾರಿ ನಾಲ್ಕೈದು ದಿನ ನಡೆಯಲು ಹೊರಟ ಓದುಗರು ಈ ಸಲ ಹೆಚ್ಚಾಗಿ ಕೇಳಿರುವುದು ಊಟದ ಬಗ್ಗೆ. ಪುಣೆ, ಮುಂಬೈ ಕಡೆಯಿಂದ ಮತ್ತು ಗೋವಾದಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಾವು ನಾಲ್ವರು ಗೆಳೆಯರು, ವಿಜಯಪುರದ ಕಡೆಯವರು, ಪುಣೆಯಲ್ಲಿ ಕೆಲಸ. ಡಿಸೆಂಬರಿನಲ್ಲಿ ರಾಜಗಡ–ತೋರಣಾ–ರಾಯಗಡ ಕೋಟೆಗಳ ದಾರಿಯನ್ನು ಐದು ದಿನದಲ್ಲಿ ನಡೆಯಬೇಕೆಂದಿದ್ದೇವೆ. ಊರಿಂದ ಅವ್ವ ಕಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಕಳಿಸುತ್ತೇನೆ ಅಂದಿದ್ದಾರೆ. ಐದೂ ದಿನದ ಊಟ ಹೊತ್ತುಕೊಂಡೇ ಹೋಗಬೇಕಾ? ಒಬ್ಬರಿಗೆ ಎಷ್ಟು ಹಿಡಿಯಬೇಕು? (ಕೋಥರೂಡ್, ಪುಣೆ)

ಐದೂ ದಿನದ್ದು ಬೇಡ. ದಿನ ಎಣಿಸುವುದನ್ನು ಬಿಟ್ಟು ಊಟ ಎಣಿಸಿ. ಐದು ದಿನ ಅಂದ ಕೂಡಲೇ ಎಲ್ಲವನ್ನೂ ಐದರಿಂದ ಗುಣಿಸಿ ಸ್ಯಾಕ್ ತುಂಬುವುದೇ ಹೊಸಬರ ದೊಡ್ಡ ತಪ್ಪು. ಹಸಿವಿನಿಂದ ಬಳಲಿ ಹಿಂತಿರುಗುವವರಿಗಿಂತ, ಭಾರಕ್ಕೆ ಮೊಣಕಾಲು ಸೋತು ಹಿಂತಿರುಗುವವರೇ ಜಾಸ್ತಿ.

ನಿಮ್ಮ ದಾರಿಯನ್ನೇ ನೋಡೋಣ. ಮೊದಲ ದಿನದ ತಿಂಡಿ ಮನೆಯಲ್ಲೇ ಆಗುತ್ತದೆ. ಮಧ್ಯಾಹ್ನಕ್ಕೆ ಚಪಾತಿ ಪಲ್ಯ ಕಟ್ಟಿಕೊಂಡು ಗುಂಜವಣೆಯಿಂದ ರಾಜಗಡ ಹತ್ತುತ್ತೀರಿ. ಎರಡನೇ ದಿನ ಸಂಜೀವನಿ ಮಾಚಿಯಿಂದ (ಮಾಚಿ ಅಂದರೆ ಕೋಟೆಯ ಹೊರಚಾಚಿದ ಮಟ್ಟಸ ಭಾಗ) ಇಳಿದು ಏಣಿನ ಮೇಲೆ, ಅಂದರೆ ಬೆಟ್ಟಸಾಲಿನ ನೆತ್ತಿಯ ಮೇಲೆ, ನಡೆದು ತೋರಣಾ. ಮೂರನೇ ದಿನ ಬುಧಲಾ ಮಾಚಿಯ ಕಡೆಯಿಂದ ಇಳಿದು ಮೋಹರಿ ಊರು. ನಾಲ್ಕನೇ ದಿನ ಸಿಂಗಾಪುರ ನಾಳದಲ್ಲಿ, ಅಂದರೆ ಘಟ್ಟದಿಂದ ಕೊಂಕಣಕ್ಕೆ ಬೀಳುವ ಕಡಿದಾದ ಕಲ್ಲಿನ ಕಂದರದಲ್ಲಿ, ಇಳಿದು ದಾಪೋಲಿ (ರತ್ನಾಗಿರಿ ಜಿಲ್ಲೆಯ ದಾಪೋಲಿ ಪೇಟೆ ಬೇರೆ, ಇದು ಸಣ್ಣ ಹಳ್ಳಿ), ಅಲ್ಲಿಂದ ವಾಘೇರಿ ಕಡೆಗೆ. ಐದನೇ ದಿನ ರಾಯಗಡ ನೋಡಿ ಪಾಚಾಡಕ್ಕೆ ಇಳಿದರೆ ಅಲ್ಲಿ ಊಟದ ಹೋಟೆಲುಗಳಿವೆ. ಮೋಹರಿಯಲ್ಲೂ ಕೆಳಗಿನ ಹಳ್ಳಿಗಳಲ್ಲೂ ಮೊದಲೇ ಹೇಳಿಟ್ಟರೆ ಮನೆಯವರು ಪಿಠಲ ಭಾಕರಿ (ಕಡಲೆಹಿಟ್ಟಿನ ಝುಣಕ, ರೊಟ್ಟಿ), ಅನ್ನ ಸಾರು ಮಾಡಿಕೊಡುತ್ತಾರೆ.

ಹೀಗೆ ಬಿಡಿಸಿ ನೋಡಿದರೆ, ನೀವು ನಿಜವಾಗಿ ಹೊರಬೇಕಾದದ್ದು ಎರಡು ರಾತ್ರಿಯೂಟ, ಎರಡು ಬೆಳಗಿನ ತಿಂಡಿ, ಎರಡು ಮಧ್ಯಾಹ್ನದ ಊಟ, ಐದೂ ದಿನಕ್ಕೆ ನಡೆಯುತ್ತಾ ತಿನ್ನುವ ಕುರುಕಲು, ಮೂರು ದಿನದ ಚಹಾ ಸಾಮಾನು. ಇದರ ಮೇಲೆ ಒಂದು ಹೊತ್ತಿನ ಆಪತ್ಕಾಲದ ಬುತ್ತಿ. ಅಷ್ಟೇ.

ಈಗ ತೂಕ. ಸ್ಯಾಕ್ ಹೊತ್ತು ಇಡೀ ದಿನ ಏರಿಳಿಯುವವರಿಗೆ ದಿನಕ್ಕೆ 2,800ರಿಂದ 3,000 ಕ್ಯಾಲೊರಿ ಎಂದು ಹಿಡಿಯಿರಿ. ಒಣ ಪದಾರ್ಥ 100 ಗ್ರಾಂಗೆ ಸರಾಸರಿ 430 ಕ್ಯಾಲೊರಿ ಆಸುಪಾಸು ಕೊಡುತ್ತದೆ. ಹಾಗಾಗಿ ದಿನಕ್ಕೆ 650–700 ಗ್ರಾಂ ಬೇಕು. ಬೆಳಿಗ್ಗೆ ಉಪ್ಪಿಟ್ಟಿನ ಒಣ ಮಿಶ್ರಣ 110 ಗ್ರಾಂ. ಮಧ್ಯಾಹ್ನ ಕಡಕ್ ರೊಟ್ಟಿ 150 ಗ್ರಾಂ, ಹಿಂಡಿ 40 ಗ್ರಾಂ, ಎಣ್ಣೆ ಅಥವಾ ತುಪ್ಪ 20 ಗ್ರಾಂ. ರಾತ್ರಿ ಖಿಚಡಿಗೆ ಅಕ್ಕಿ 90, ಹೆಸರುಬೇಳೆ 40, ತುಪ್ಪ 15 ಗ್ರಾಂ. ದಾರಿಗೆ ಶೇಂಗಾ ಉಂಡೆ, ಚಿಕ್ಕಿ, ಖರ್ಜೂರ, ಹುರಿಗಡಲೆ ಸೇರಿ 150 ಗ್ರಾಂ. ಹಾಲಿನ ಪುಡಿ, ಸಕ್ಕರೆ, ಚಹಾಪುಡಿ 55 ಗ್ರಾಂ.

ಮೇಲಿನ ಊಟದ ಲೆಕ್ಕಕ್ಕೆ ಇದನ್ನು ಹೊಂದಿಸಿದರೆ ಒಬ್ಬರಿಗೆ ಸುಮಾರು 1.85 ಕೆಜಿ, ಆಪತ್ಕಾಲದ ಹುರಿಹಿಟ್ಟು ಮತ್ತು ಚಿಕ್ಕಿ 300 ಗ್ರಾಂ ಸೇರಿಸಿದರೆ 2.15 ಕೆಜಿ. ಐದೂ ದಿನದ್ದನ್ನು ಹೊತ್ತರೆ 3.3 ಕೆಜಿ ದಾಟುತ್ತಿತ್ತು. ಉಳಿಯುವ ಒಂದು ಕೆಜಿ ಚಿಕ್ಕದೆನಿಸಬಹುದು. ಆದರೆ ಅದು ಒಂದು ಲೀಟರ್ ನೀರಿನ ಜಾಗ, ಮತ್ತು ತೋರಣಾ ಏಣಿನ ಮೇಲೆ ಆ ಲೀಟರ್ ಬೇಕೇ ಬೇಕು.

ತುಪ್ಪವನ್ನು ದಯವಿಟ್ಟು ಕಡಿಮೆ ಮಾಡಬೇಡಿ. 100 ಗ್ರಾಂ ತುಪ್ಪ ಅಥವಾ ಎಣ್ಣೆಯಲ್ಲಿ ಹತ್ತಿರ ಹತ್ತಿರ 900 ಕ್ಯಾಲೊರಿ ಇದೆ. ಅದಕ್ಕಿಂತ ಹಗುರವಾಗಿ ಶಕ್ತಿ ಹೊರುವ ದಾರಿ ಇಲ್ಲ. ನೂಡಲ್ಸ್ ನಂಬಿ ಹೊರಡುವವರು ಇಲ್ಲೇ ಎಡವುತ್ತಾರೆ: 70 ಗ್ರಾಂ ಪ್ಯಾಕೆಟ್ ಒಂದಕ್ಕೆ ಸಿಗುವುದು ಸುಮಾರು 300 ಕ್ಯಾಲೊರಿ. ರಾತ್ರಿ ಹೊಟ್ಟೆ ತುಂಬಿದಂತಾಗುತ್ತದೆ, ಮರುದಿನ ಹನ್ನೊಂದು ಗಂಟೆಗೆ ಕಾಲು ಎಳೆಯತೊಡಗುತ್ತದೆ.

ಕಡಕ್ ರೊಟ್ಟಿಯಷ್ಟು ಈ ಕೆಲಸಕ್ಕೆ ಒದಗುವ ತಿನಿಸು ಇನ್ನೊಂದಿಲ್ಲ. ನೀರಿನ ಅಂಶವಿಲ್ಲ, ಒಲೆ ಬೇಡ, ವಾರಗಟ್ಟಲೆ ಕೆಡುವುದಿಲ್ಲ. ಪುಡಿಯಾಗುವುದೊಂದೇ ತೊಂದರೆ. ಅಗಲದ ರೊಟ್ಟಿಯನ್ನು ಮನೆಯಲ್ಲೇ ನಾಲ್ಕು ಹೋಳು ಮಾಡಿ, ಚಪ್ಪಟೆ ಡಬ್ಬಿಯಲ್ಲಿ ಜೋಡಿಸಿ ಸ್ಯಾಕಿನ ಬೆನ್ನಿನ ಬದಿಗೆ ಇಡಿ. ಉಳಿದ ಪುಡಿಯನ್ನು ಬಿಸಾಡದೆ ಬಿಸಿ ನೀರು, ಹಿಂಡಿ, ಎಣ್ಣೆ ಹಾಕಿ ಕಲಸಿ ತಿನ್ನಬಹುದು.

ಉಪ್ಪಿಟ್ಟಿನ ಮಿಶ್ರಣವನ್ನು ಮನೆಯಲ್ಲೇ ಮಾಡಿಕೊಳ್ಳಿ. ನಾಲ್ವರ ಎರಡು ಬೆಳಗಿಗೆ ಸಣ್ಣ ರವೆ 750 ಗ್ರಾಂ, ಎಣ್ಣೆ 80 ಗ್ರಾಂ, ಶೇಂಗಾ 50 ಗ್ರಾಂ ಸಾಕು. ಎಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಶೇಂಗಾ, ಒಣಮೆಣಸಿನಕಾಯಿ, ಕರಿಬೇವು ಹಾಕಿ. ಕರಿಬೇವು ಗರಿಗರಿಯಾಗಿ ಕೈಯಲ್ಲಿ ಮುರಿಯುವವರೆಗೆ ಬಿಡಿ. ಆಮೇಲೆ ರವೆ ಹಾಕಿ ಸಣ್ಣ ಉರಿಯಲ್ಲಿ ಘಮ ಬರುವ ತನಕ ಹುರಿಯಿರಿ, ಉಪ್ಪು ಬೆರೆಸಿ. ಈರುಳ್ಳಿ, ಹಸಿಮೆಣಸು, ತೆಂಗಿನತುರಿ ಬೇಡ, ಅವುಗಳ ತೇವಕ್ಕೆ ಇಡೀ ಮಿಶ್ರಣ ಮುಗ್ಗಲು ಹಿಡಿಯುತ್ತದೆ. ಪೂರ್ತಿ ಆರಿದ ಮೇಲೆಯೇ ಚೀಲಕ್ಕೆ ತುಂಬಿ. ಬೆಚ್ಚಗಿರುವಾಗ ಕಟ್ಟಿದರೆ ಒಳಗೆ ಹಬೆ ನೀರಾಗಿ ಮೂಲೆಯಲ್ಲಿ ಉಂಡೆಗಟ್ಟುತ್ತದೆ. ಬೆಟ್ಟದ ಮೇಲೆ ತಲೆಗೆ 330 ಮಿ.ಲೀ. ಕುದಿಯುವ ನೀರಿಗೆ ಮಿಶ್ರಣ ಹಾಕಿ ತಿರುವಿ, ಒಲೆ ಆರಿಸಿ, ಮುಚ್ಚಿ ಏಳೆಂಟು ನಿಮಿಷ ಬಿಟ್ಟರೆ ಆಯಿತು.

ಇನ್ನೊಂದು: ಖಿಚಡಿಗೆ ತೊಗರಿಬೇಳೆ ಒಯ್ಯಬೇಡಿ, ಸಣ್ಣ ಒಲೆಯ ಮೇಲೆ ಬೇಗ ಬೇಯುವುದಿಲ್ಲ. ತಂಗುವ ಜಾಗ ತಲುಪಿದ ಕೂಡಲೇ ಅಕ್ಕಿ, ಹೆಸರುಬೇಳೆ ತೊಳೆದು ಅರ್ಧ ಗಂಟೆ ನೆನೆಹಾಕಿ. ಗ್ಯಾಸ್ ಎದ್ದು ಕಾಣುವಷ್ಟು ಉಳಿಯುತ್ತದೆ. ಕೋಟೆಯ ಮೇಲೆ ರಾತ್ರಿ ತಂಗಲು, ಅಡುಗೆ ಮಾಡಲು ಈಗ ಅನುಮತಿ ಇದೆಯೇ ಎಂದು ಗುಂಜವಣೆಯಲ್ಲಿ ಮೊದಲೇ ಕೇಳಿಕೊಳ್ಳಿ. ಇಲ್ಲವೆಂದರೆ ಯೋಜನೆಯೇ ಬದಲಾಗುತ್ತದೆ.

ಸಾಮಾನು ನಡುವೆ ಕಡಿಮೆ ಬಿದ್ದರೆ ತೋರಣಾ ಬುಡದ ವೇಲ್ಹೆಯಲ್ಲಿ ಅಂಗಡಿಗಳಿವೆ. ಆದರೆ ಇಳಿದು ಮತ್ತೆ ಹತ್ತಲು ಅರ್ಧ ದಿನ ಹೋಗುತ್ತದೆ. ರಾಜಗಡ–ತೋರಣಾ ಏಣಿಗೆ ನಡುವೆ ಡಾಂಬರು ರಸ್ತೆಯೊಂದು ಅಡ್ಡ ಬರುತ್ತದೆ. ಪುಣೆಯ ಗೆಳೆಯರೊಬ್ಬರು ಎರಡನೇ ದಿನ ಅಲ್ಲಿಗೆ ಬೈಕಿನಲ್ಲಿ ನೀರು ಮತ್ತು ಬುತ್ತಿ ತಂದುಕೊಟ್ಟರೆ ಅದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ.

ಪ್ರಶ್ನೆ: ವಿದೇಶದಲ್ಲಿ ತಿಂಗಳುಗಟ್ಟಲೆ ನಡೆಯುವವರು ಮುಂದಿನ ಊರಿಗೆ ಅಂಚೆಯಲ್ಲಿ ಆಹಾರದ ಪೆಟ್ಟಿಗೆ ಕಳಿಸುತ್ತಾರಂತೆ. ನಾವು ರತನಗಡದಿಂದ ಹರಿಶ್ಚಂದ್ರಗಡಕ್ಕೆ ನಡೆಯುವಾಗ ಹಾಗೆ ಮಾಡಬಹುದೇ? ಅಥವಾ ದಾರಿಯಲ್ಲಿ ಮೊದಲೇ ಹೂತಿಡಬಹುದೇ? (ಡೊಂಬಿವಲಿ)

ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಸುಮಾರು 4,260 ಕಿಲೋಮೀಟರ್. ಅಲ್ಲಿ ಊರಿಂದ ಊರಿಗೆ ನಾಲ್ಕೈದು ದಿನದ ನಿರ್ಜನ ದಾರಿ ಇರುವುದರಿಂದ ಆ ಪದ್ಧತಿ ಬೆಳೆದಿದೆ. ನಿಮ್ಮ ದಾರಿಯಲ್ಲಿ ರತನವಾಡಿ, ಕುಮಶೇತ, ಪಾಚನಈ ಹಳ್ಳಿಗಳು ಒಂದೊಂದು ದಿನದ ನಡಿಗೆಯ ಒಳಗೇ ಸಿಗುತ್ತವೆ. ಹಳ್ಳಿಯ ಶಾಖಾ ಅಂಚೆ ಕಚೇರಿ ದಿನಕ್ಕೆ ಕೆಲವೇ ಗಂಟೆ ತೆರೆದಿರುತ್ತದೆ. ನೀವು ಸಂಜೆ ಆರಕ್ಕೆ ತಲುಪಿದರೆ ಪೆಟ್ಟಿಗೆ ಒಳಗೆ, ನೀವು ಹೊರಗೆ.

ಹೂತಿಡುವುದಂತೂ ಬೇಡವೇ ಬೇಡ. ಇಲಿ, ಮಂಗ, ಕಾಡುಹಂದಿ ಪ್ಲಾಸ್ಟಿಕ್ ಡಬ್ಬಿಯ ಹೊರಗಿನಿಂದಲೇ ವಾಸನೆ ಹಿಡಿಯುತ್ತವೆ. ನಿಮ್ಮ ಊಟ ಹೋಗುವುದರ ಜೊತೆಗೆ ಕಾಡಿನಲ್ಲಿ ಕಸ ಹರಡುತ್ತದೆ.

ಊಟ ಕೊಡುವ ಮನೆಯೊಂದನ್ನು ಗೊತ್ತುಮಾಡಿಕೊಳ್ಳಿ. ಹೊರಡುವ ವಾರ ಮೊದಲು ಫೋನ್ ಮಾಡಿ, ಹಿಂದಿನ ಸಂಜೆ ಮತ್ತೊಮ್ಮೆ ಮಾಡಿ. ಎಷ್ಟು ಜನ, ಎಷ್ಟು ಹೊತ್ತಿಗೆ, ಮರುದಿನಕ್ಕೆ ಕಟ್ಟಿಕೊಡಲು ಎಷ್ಟು ಭಾಕರಿ, ಇಷ್ಟನ್ನೂ ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿ. ಆ ಮನೆಯವರು ನಿಮಗಾಗಿ ಹಿಟ್ಟು, ತರಕಾರಿ ತಂದಿಟ್ಟಿರುತ್ತಾರೆ. ಯೋಜನೆ ಬದಲಾದರೆ ಸಿಗ್ನಲ್ ಇರುವಾಗಲೇ ತಿಳಿಸುವುದು ನಿಮ್ಮ ಜವಾಬ್ದಾರಿ. ದುಡ್ಡು ಹತ್ತು, ಐವತ್ತು, ನೂರರ ನೋಟುಗಳಲ್ಲಿರಲಿ. ನೆಟ್‌ವರ್ಕ್ ಇಲ್ಲದ ಕಡೆ ಯುಪಿಐ ನಡೆಯುವುದಿಲ್ಲ.

ವಾಹನದಲ್ಲಿ ಹೋಗಿ ಮೊದಲೇ ಏನಾದರೂ ಇಟ್ಟುಬರುವುದಾದರೆ ಆ ಮನೆಯಲ್ಲೇ ಇಡಿ, ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ. ಮೇಲೆ ಹೆಸರು, ನೀವು ಬರುವ ತಾರೀಖು ಮರಾಠಿಯಲ್ಲಿ ಬರೆಯಿರಿ. ಅಕ್ಕಿ, ಬೇಳೆ, ಸಕ್ಕರೆ ಇಡಬೇಡಿ, ಅವು ಹಳ್ಳಿಯಲ್ಲೇ ಸಿಗುತ್ತವೆ. ಗ್ಯಾಸ್ ಡಬ್ಬಿ, ಬ್ಯಾಟರಿ, ನಿಮ್ಮ ಮಾತ್ರೆ, ಒಣಹಣ್ಣು ಇಂಥವು ಸಿಗುವುದಿಲ್ಲ, ಅವನ್ನೇ ಇಡಿ. ಸಣ್ಣ ಕಿರಾಣಿ ಅಂಗಡಿಯಲ್ಲಿ ಬಿಸ್ಕತ್ತು, ಅವಲಕ್ಕಿ, ಫರಸಾಣ್ (ಖಾರದ ಮಿಕ್ಸ್ಚರ್), ಚಹಾಪುಡಿ, ನೂಡಲ್ಸ್ ಇರಬಹುದು. ಅದರ ಮೇಲೆ ಇಡೀ ಗುಂಪಿನ ಊಟ ನಿಂತಿರಬಾರದು. ಬಿಟ್ಟುಹೋದ ಸಾಮಾನನ್ನು ರತನವಾಡಿಗೆ ಹೋಗುವ ಮುನ್ನ ಭಂಡಾರದರಾದ ಶೇಂಡಿಯಲ್ಲೇ ಕೊಂಡುಬಿಡಿ.

ಪ್ರಶ್ನೆ: ಗ್ಯಾಸ್ ಡಬ್ಬಿ ಎಷ್ಟು ಬೇಕು, ನೀರು ಎಷ್ಟು? ಪ್ರತಿ ಸಲ ಅಂದಾಜು ತಪ್ಪುತ್ತದೆ. (ನಿಗಡಿ)

ಅಂದಾಜು ಮಾಡುವುದಕ್ಕಿಂತ ಅಳೆಯಿರಿ. ಡಬ್ಬಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಬಾಲ್ಕನಿಯಲ್ಲಿ ಒಂದು ಲೀಟರ್ ನೀರು ಕುದಿಸಿ, ಡಬ್ಬಿ ಆರಿದ ಮೇಲೆ ಮತ್ತೆ ತೂಗಿ. ಕಡಿಮೆಯಾದ ಗ್ರಾಂ ನಿಮ್ಮ ಒಲೆಯ, ನಿಮ್ಮ ಪಾತ್ರೆಯ ಲೆಕ್ಕ. ಬೆಟ್ಟದ ಗಾಳಿಗೆ ಲೀಟರಿಗೆ 15 ಗ್ರಾಂ ಹಿಡಿದರೆ ಮೋಸವಿಲ್ಲ. ನಾಲ್ವರಿಗೆ ಎರಡು ಹೊತ್ತಿನ ಅಡುಗೆ, ಚಹಾ ಸೇರಿ ದಿನಕ್ಕೆ 5 ಲೀಟರ್ ಆದರೆ 75 ಗ್ರಾಂ; ಎರಡು ದಿನಕ್ಕೆ 230 ಗ್ರಾಮಿನ ಒಂದು ಡಬ್ಬಿ ಖಿಚಡಿ ಬೇಯಿಸಿಯೂ ಸಾಕಾಗುತ್ತದೆ. ಪಾತ್ರೆಗೆ ಮುಚ್ಚಳ ಇರಲೇಬೇಕು. ಗಾಳಿಗೆ ಮರೆ ಒಂದೇ ಬದಿಗೆ ಇಡಿ. ಡಬ್ಬಿಯ ಸುತ್ತ ಪೂರ್ತಿ ಮುಚ್ಚಿದರೆ ಅದು ಕಾದು ಸಿಡಿಯುವ ಅಪಾಯವಿದೆ. ವಿಮಾನದಲ್ಲಾಗಲಿ ರೈಲಿನಲ್ಲಾಗಲಿ ಈ ಡಬ್ಬಿ ಒಯ್ಯುವಂತಿಲ್ಲ, ಇಳಿದ ಊರಲ್ಲೇ ಕೊಳ್ಳಬೇಕು. ಡಿಸೆಂಬರ್ ದಾಟಿದ ಮೇಲೆ ಸಹ್ಯಾದ್ರಿಯ ಹುಲ್ಲು ಒಣಗಿ ನಿಂತಿರುತ್ತದೆ. ಕಟ್ಟಿಗೆ ಒಲೆ ಹೂಡಬೇಡಿ, ಗ್ಯಾಸ್ ಒಲೆಯನ್ನೂ ಬರಿ ಕಲ್ಲಿನ ಮೇಲೆಯೇ ಇಡಿ.

ನಡೆಯುವಾಗ ಕುಡಿಯಲು ಒಬ್ಬರಿಗೆ 3 ಲೀಟರ್, ಫೆಬ್ರವರಿ ನಂತರ 4. ಅಡುಗೆ ನೀರು ಬೇರೆ. ಕೋಟೆಯ ಕಲ್ಲಿನ ತೊಟ್ಟಿಗಳಲ್ಲಿ ಬೇಸಿಗೆಯಲ್ಲಿ ಎಷ್ಟೋ ಒಣಗಿರುತ್ತವೆ. ಹಿಂದಿನ ವಾರ ಹೋಗಿಬಂದವರನ್ನೋ ಬುಡದ ಹಳ್ಳಿಯವರನ್ನೋ ಕೇಳಿ. ತೊಟ್ಟಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಕುದಿಸಿ, ಅಥವಾ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಬರೀ ಸಿಹಿ ತಿಂದು ಬರೀ ನೀರು ಕುಡಿದರೆ ಸಂಜೆಗೆ ತಲೆ ಸಿಡಿತ, ಕಾಲು ಸೆಳೆತ, ಊಟ ಸೇರದು. ಹಿಂಡಿ, ಉಪ್ಪು ಹಾಕಿ ಹುರಿದ ಶೇಂಗಾ, ಓಆರ್‌ಎಸ್ ಪೊಟ್ಟಣ ದಾರಿಯ ಮಧ್ಯೆಯೇ ಕೈಗೆ ಸಿಗುವಂತಿರಲಿ.

ಪ್ರಶ್ನೆ: ಮಳೆಗಾಲದಲ್ಲಿ ಎರಡೇ ದಿನಕ್ಕೆ ರೊಟ್ಟಿ ಮೆತ್ತಗಾಗಿ ಚಿಕ್ಕಿ ಅಂಟಾಗುತ್ತದೆ. ಏನು ಮಾಡಬೇಕು? (ಮಡಗಾಂವ್, ಗೋವಾ)

ಗೋವಾ, ಕೊಂಕಣದ ಮಳೆಗಾಲದ ಹವೆಯಲ್ಲಿ ಡಬ್ಬಿ ತೆರೆದಷ್ಟು ಸಲ ತೇವ ಒಳಗೆ ಹೋಗುತ್ತದೆ. ಒಂದು ದೊಡ್ಡ ಚೀಲದ ಬದಲು ಹೊತ್ತಿಗೊಂದು ಸಣ್ಣ ಜಿಪ್ ಚೀಲ ಮಾಡಿ, ಗಾಳಿ ಒತ್ತಿ ತೆಗೆದು, ಎಲ್ಲವನ್ನೂ ಇನ್ನೊಂದು ದಪ್ಪ ಚೀಲದಲ್ಲಿ ಇಡಿ. ಮೆತ್ತಗಾದ ರೊಟ್ಟಿ ತಿನ್ನಲು ಅಡ್ಡಿಯಿಲ್ಲ. ಬೂಸ್ಟು ಕಂಡರೆ ಆ ಭಾಗ ಮಾತ್ರ ಮುರಿದು ಹಾಕಿ ಉಳಿದದ್ದು ತಿನ್ನುವುದು ಬೇಡ, ಪೂರ್ತಿ ಬಿಡಿ. ಚಿಕ್ಕಿ ಬದಲು ಶೇಂಗಾ, ಖರ್ಜೂರ ಒಯ್ಯಿರಿ. ಹಿಂಡಿಗೆ ತಿರುಪು ಮುಚ್ಚಳದ ಬಾಟಲಿ, ಒಣ ಚಮಚ.

ರಾತ್ರಿ ಉಳಿದ ಅನ್ನ, ಖಿಚಡಿಯನ್ನು ಬೆಳಿಗ್ಗೆ ಬಿಸಿ ಮಾಡಿ ತಿನ್ನಬೇಡಿ. ಬೆಚ್ಚಗಿನ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಬೆಟ್ಟದ ಮೇಲೆ ವಾಂತಿ ಶುರುವಾದರೆ ಕೆಳಗಿಳಿಸುವುದೇ ದೊಡ್ಡ ಪಾಡು.

ಪ್ರಶ್ನೆ: ಅಂಗಡಿಯ ರೆಡಿ-ಟು-ಈಟ್ ಪೊಟ್ಟಣ ಒಯ್ದರೆ ಈ ಗೊಡವೆಯೇ ಇಲ್ಲವಲ್ಲ? (ಠಾಣೆ)

ಒಂದು ರಾತ್ರಿಗೆ ಸರಿ. 300 ಗ್ರಾಂ ಪೊಟ್ಟಣದಲ್ಲಿ ಹೆಚ್ಚಿನ ಪಾಲು ನೀರೇ, ಆ ನೀರನ್ನೂ ನೀವು ಹೊರುತ್ತೀರಿ. ನೀರೇ ಸಿಗದ ತಾಣದಲ್ಲಿ ತಂಗುವಾಗ ಮಾತ್ರ ಇದು ಲಾಭ: ಕುಡಿಯಬಾರದ ನೀರಿನಲ್ಲೂ ಪೊಟ್ಟಣ ಬಿಸಿ ಮಾಡಬಹುದು, ಪಾತ್ರೆ ತೊಳೆಯಬೇಕಿಲ್ಲ. ಕೊಳ್ಳುವಾಗ ತೂಕದ ಜೊತೆ ಕ್ಯಾಲೊರಿ ಓದಿ. ಖಾಲಿ ಪೊಟ್ಟಣ ಎಣ್ಣೆ ಸೋರುತ್ತದೆ, ವಾಪಸು ತರಲು ಒಂದು ಗಟ್ಟಿ ಚೀಲ ಬೇರೆಯೇ ಇಟ್ಟುಕೊಳ್ಳಿ.