ಆ ಅಂಕಿ ಯಾರ ದುಡಿಮೆ? ಬೇಸ್‌ಬಾಲ್ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ, ಬೇಸ್‌ಬಾಲ್ ಬಗ್ಗೆ ಏನಾದರೂ ಕೇಳುವುದಿದ್ದರೆ ಕೇಳಿ ಅಂತ ಬರೆದಿದ್ದೆ. ಬಂದ ಪ್ರಶ್ನೆಗಳೆಲ್ಲ ಕ್ರಿಕೆಟ್ ಗೊತ್ತಿರುವವರದು, ಹಾಗಾಗಿ ಉತ್ತರದಲ್ಲೂ ಕ್ರಿಕೆಟ್ ಜಾಸ್ತಿ. ಪಿಚರ್ ಅಂದರೆ ಚೆಂಡು ಎಸೆಯುವವನು, ನಮ್ಮ ಬೌಲರ್ ಇದ್ದ ಹಾಗೆ. ಬೇಸ್ ಅಂದರೆ ಮೈದಾನದ ನಾಲ್ಕು ಮೂಲೆಗಳು, ನಾಲ್ಕನ್ನೂ ಸುತ್ತಿ ಬಂದರೆ ಒಂದು ರನ್. ಅಷ್ಟು ಗೊತ್ತಿದ್ದರೆ ಮುಂದೆ ಓದಬಹುದು.

ಪ್ರಶ್ನೆ: ಬ್ಯಾಟಿಂಗ್ ಆರ್ಡರ್ ಬಗ್ಗೆ ಅಮೆರಿಕದವರು ಅಷ್ಟು ಯಾಕೆ ಜಗಳ ಆಡ್ತಾರ್ರೀ? ಒಂಬತ್ತು ಮಂದಿಗೂ ಹೆಂಗೂ ಬ್ಯಾಟಿಂಗ್ ಸಿಗ್ತೈತಲ್ಲ. (ಕೇಶ್ವಾಪುರ, ಹುಬ್ಬಳ್ಳಿ)

ಸಿಗುತ್ತದೆ, ಆದರೆ ಸಮನಾಗಿ ಸಿಗುವುದಿಲ್ಲ. ಕ್ರಿಕೆಟ್‌ನಲ್ಲಿ ಔಟಾದವನ ಕೆಲಸ ಆ ಇನ್ನಿಂಗ್ಸ್‌ಗೆ ಮುಗಿಯಿತು. ಇಲ್ಲಿ ಒಂಬತ್ತನೆಯವನಾದ ಮೇಲೆ ಮತ್ತೆ ಒಂದನೆಯವನು ಬರುತ್ತಾನೆ. ಒಂದು ತಂಡಕ್ಕೆ ಒಂಬತ್ತು ಇನ್ನಿಂಗ್ಸ್. ಮೂರು ಔಟಾದರೆ ಒಂದು ಇನ್ನಿಂಗ್ಸ್ ಮುಗಿಯುತ್ತದೆ, ಸರದಿ ಎಲ್ಲಿ ನಿಂತಿತ್ತೋ ಮುಂದಿನ ಇನ್ನಿಂಗ್ಸ್ ಅಲ್ಲಿಂದಲೇ ಶುರು. ಕೊನೆಯ ಔಟ್ ಸಾಲಿನಲ್ಲಿ ಎಲ್ಲಿ ಬೇಕಾದರೂ ಬೀಳಬಹುದು, ಅಲ್ಲಿಯವರೆಗಿನವರಿಗೆ ಆ ದಿನ ಒಂದು ಸರದಿ ಜಾಸ್ತಿ. ಲೆಕ್ಕ ಸರಳ. ಸೀಸನ್‌ಗೆ 162 ಪಂದ್ಯ, ಸಾಲಿನಲ್ಲಿ 9 ಜನ. ಭಾಗಿಸಿದರೆ 18. ಅಂದರೆ ಒಬ್ಬ ಬ್ಯಾಟರ್‌ನನ್ನು ಒಂದು ಸ್ಥಾನ ಕೆಳಗೆ ಹಾಕಿದರೆ ವರ್ಷಕ್ಕೆ ಹೆಚ್ಚುಕಡಿಮೆ 18 ಸರದಿ ಅವನ ಕೈ ತಪ್ಪುತ್ತದೆ.

ಹಳೆಯ ಪದ್ಧತಿ ಹೀಗಿತ್ತು: ಮೊದಲು ಜೋರಾಗಿ ಓಡುವವನು, ಎರಡನೆಯವನು ಚೆಂಡನ್ನು ಮೆಲ್ಲಗೆ ತಳ್ಳಿ ಅವನನ್ನು ಮುಂದಿನ ಬೇಸ್‌ಗೆ ಸಾಗಿಸುವವನು, ಮೂರು ಮತ್ತು ನಾಲ್ಕಕ್ಕೆ ದೊಡ್ಡ ಹೊಡೆತದವರು. ನೋಡೋಕೆ ಚೆಂದ, ಆದರೆ ನಿಮ್ಮ ಅತಿ ಒಳ್ಳೆಯ ಬ್ಯಾಟರ್ ಮೂರು ಅಥವಾ ನಾಲ್ಕನೆಯವನಾಗಿ ಕಾಯುತ್ತಾ ಕೂತಿರುತ್ತಾನೆ, ಪಂದ್ಯ ಅವನ ಸರದಿಗೆ ಒಬ್ಬನಿರುವಾಗ ಮುಗಿದುಹೋಗುತ್ತದೆ. ಈಗ ಯಾಂಕೀಸ್ ತಂಡ ಆರನ್ ಜಡ್ಜ್‌ನನ್ನು ಹೆಚ್ಚಾಗಿ ಎರಡನೆಯವನಾಗಿ ಆಡಿಸುತ್ತದೆ. 2024ರ ಜೂನ್‌ನಲ್ಲಿ ಮೂಕಿ ಬೆಟ್ಸ್ ಕೈ ಮುರಿದುಕೊಂಡಾಗ ಡಾಜರ್ಸ್ ತಂಡ ಶೋಹೆ ಒಟಾನಿಯನ್ನು ಮೊದಲ ಸ್ಥಾನಕ್ಕೇ ತಂದಿತು. ಆ ವರ್ಷ ಅವನು 54 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದ, 59 ಬೇಸ್ ಕದ್ದ, ಅಂದರೆ ಯಾರೂ ಹೊಡೆಯದೆಯೇ ಮುಂದಿನ ಬೇಸ್‌ಗೆ ಓಡಿದ. ಒಳ್ಳೆಯವನಿಗೆ ಜಾಸ್ತಿ ಸರದಿ ಕೊಡಿ, ನನ್ನ ವಾದ ಇಷ್ಟೇ. ಉಳಿದದ್ದೆಲ್ಲ ಟಿವಿಯಲ್ಲಿ ಮಾತಾಡುವವರ ಹೊಟ್ಟೆಪಾಡು.

ಇನ್ನೊಂದು ಮಾತು. ನಮ್ಮ ಕ್ಯಾಪ್ಟನ್ ಪಂದ್ಯದ ಮಧ್ಯೆ ಆರ್ಡರ್ ಬದಲಿಸಬಹುದು, ಅಲ್ಲಿ ಆಗುವುದಿಲ್ಲ. ಸರದಿ ತಪ್ಪಿ ಬೇರೆಯವನು ಬ್ಯಾಟ್ ಮಾಡಿ, ಎದುರಿನವರು ಸಮಯಕ್ಕೆ ಸರಿಯಾಗಿ ದೂರಿದರೆ, ಬರಬೇಕಾಗಿದ್ದವನು ಔಟ್!

ಪ್ರಶ್ನೆ: ಚೆಂಡನ್ನು ಮೆಲ್ಲಗೆ ತಳ್ಳುವ ಬಂಟ್ ಈಗ ಕಾಣುವುದೇ ಇಲ್ಲ, ಯಾಕೆ? (ನವನಗರ, ಹುಬ್ಬಳ್ಳಿ)

ದುಬಾರಿ, ಅದಕ್ಕೆ. ಮೊದಲ ಬೇಸ್‌ನಲ್ಲಿ ಒಬ್ಬನಿದ್ದು ಯಾರೂ ಔಟಾಗಿಲ್ಲ ಅಂದರೆ ಆ ಇನ್ನಿಂಗ್ಸ್‌ನಲ್ಲಿ ಮುಂದೆ ಬರುವ ರನ್ ಸರಾಸರಿ 0.9ರ ಆಸುಪಾಸು. ಬಂಟ್ ಮಾಡಿ, ಒಂದು ಔಟ್ ಕೊಟ್ಟು, ಅವನನ್ನು ಎರಡನೇ ಬೇಸ್‌ಗೆ ಸಾಗಿಸಿದರೆ ಅದು 0.7ರ ಹತ್ತಿರ ಇಳಿಯುತ್ತದೆ. ಕೊನೆಯ ಇನ್ನಿಂಗ್ಸ್‌ನಲ್ಲಿ ಒಂದೇ ರನ್ ಸಾಕು ಅನ್ನುವಾಗ ಬೇರೆ ಮಾತು.

ಪ್ರಶ್ನೆ: ಹತ್ತರಲ್ಲಿ ಮೂರು ಸಲ ಹೊಡೆದರೆ ದೊಡ್ಡ ಆಟಗಾರನಂತೆ. ಇದೆಂಥ ಸರಾಸರಿ? (ಕಾಲೇಜು ವಿದ್ಯಾರ್ಥಿ, ಧಾರವಾಡ)

ಬ್ರಾಡ್ಮನ್‌ರ 99.94 ನೋಡಿ ಬೆಳೆದವರಿಗೆ .300 ಅನ್ನುವುದು ಬಡತನದಂತೆ ಕಾಣುತ್ತದೆ, ನಿಜ. ಆದರೆ ಎರಡೂ ಬೇರೆ ಲೆಕ್ಕ. ಕ್ರಿಕೆಟ್‌ನದು ಒಂದು ಔಟಿಗೆ ಎಷ್ಟು ರನ್ ಅನ್ನುವುದು. ಇವರದು ಹಿಟ್‌ಗಳನ್ನು (ಹೊಡೆದು ಔಟಾಗದೆ ಬೇಸ್ ಮುಟ್ಟಿದ್ದು) ಅಧಿಕೃತ ಸರದಿಗಳಿಂದ ಭಾಗಿಸಿದ್ದು. ತಮಾಷೆ ಅಂದರೆ ಅಮೆರಿಕದ ಈ ಅಂಕಿಗಳ ಹುಚ್ಚಿಗೆ ಬುನಾದಿ ಹಾಕಿದವನು ಹೆನ್ರಿ ಚಾಡ್ವಿಕ್, ಇಂಗ್ಲೆಂಡ್‌ನಲ್ಲಿ ಹುಟ್ಟಿ, ಕ್ರಿಕೆಟ್ ಬಗ್ಗೆ ಬರೆದುಕೊಂಡಿದ್ದ ಪತ್ರಕರ್ತ!

ಅಲ್ಲಿನ ದೊಡ್ಡ ಮಟ್ಟದ ಎರಡು ಲೀಗ್‌ಗಳಾದ ಅಮೆರಿಕನ್ ಮತ್ತು ನ್ಯಾಷನಲ್‌ನಲ್ಲಿ .400 ದಾಟಿದ ಕೊನೆಯ ಆಟಗಾರ ಟೆಡ್ ವಿಲಿಯಮ್ಸ್, 1941ರಲ್ಲಿ. ಕೊನೆಯ ದಿನದ ಬೆಳಿಗ್ಗೆ ಅವನ ಸರಾಸರಿ .39955, ಸುತ್ತುಹಾಕಿದರೆ .400 ಆಗುತ್ತಿತ್ತು. ಸುಮ್ನೆ ಕೂತಿದ್ದರೆ ದಾಖಲೆ ಗಟ್ಟಿ. ಕೂರಲಿಲ್ಲ. ಎರಡು ಪಂದ್ಯ ಆಡಿ, 8ರಲ್ಲಿ 6 ಹೊಡೆದು .406 ಮಾಡಿದ.

ಆದರೂ ನನಗೆ ಆ ವರ್ಷದ ಅವನ ಇನ್ನೊಂದು ಅಂಕಿಯೇ ಹೆಚ್ಚು ಇಷ್ಟ: .553. ಇದು ಆನ್-ಬೇಸ್, ಅಂದರೆ ಬ್ಯಾಟ್ ಹಿಡಿದು ಬಂದಾಗೆಲ್ಲ ಎಷ್ಟು ಸಲ ಔಟಾಗದೆ ಬೇಸ್ ಮುಟ್ಟಿದ ಅನ್ನುವ ಲೆಕ್ಕ. ಪಿಚರ್ ನಾಲ್ಕು ಚೆಂಡು ಹೊರಗೆ ಎಸೆದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ, ಇದು ವಾಕ್. ಹಳೆಯ ಬ್ಯಾಟಿಂಗ್ ಸರಾಸರಿಯಲ್ಲಿ ಈ ವಾಕ್‌ಗೆ ಜಾಗವೇ ಇಲ್ಲ. 2025ರ ವರ್ಲ್ಡ್ ಸೀರೀಸ್‌ನ (ಅಲ್ಲಿನ ಫೈನಲ್ ಸರಣಿ) ಮೂರನೇ ಪಂದ್ಯ ನೋಡಿ. ಒಟಾನಿ 9 ಸಲ ಬಂದ, 9 ಸಲವೂ ಬೇಸ್ ಮುಟ್ಟಿದ. ಎರಡು ಹೋಮ್ ರನ್, ಎರಡು ಡಬಲ್ (ಒಂದೇ ಹೊಡೆತಕ್ಕೆ ಎರಡನೇ ಬೇಸ್), ಐದು ವಾಕ್, ಅದರಲ್ಲಿ ನಾಲ್ಕು ಬೇಕಂತಲೇ ಕೊಟ್ಟದ್ದು, ಹೆದರಿಕೊಂಡು. ಬ್ಯಾಟಿಂಗ್ ಸರಾಸರಿಗೆ ಇದು 4ಕ್ಕೆ 4 ಮಾತ್ರ. ಆ ಐದು ಸಲ ಎದುರಿನವರನ್ನು ಹೆದರಿಸಿದ್ದು ಯಾವ ಪುಸ್ತಕಕ್ಕೆ ಹೋಗಬೇಕು? ಅದೂ ಅವನ ದುಡಿಮೆಯೇ ಅಲ್ವಾ?

ಪ್ರಶ್ನೆ: ಪಿಚರ್ ಎಷ್ಟು ಪಂದ್ಯ ಗೆದ್ದ ಅಂತ ಬರೀತಾರಲ್ಲ, ಒಬ್ಬ ಹೆಂಗ ಗೆಲ್ತಾನ? (ಗದಗ)

ಗದಗಿನವರು ಕೇಳಬೇಕಾದ ಪ್ರಶ್ನೆಯೇ ಇದು. ನಿಮ್ಮೂರಿನ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಮಾಡಿದ್ದು 10 ಓವರ್, 6 ಮೇಡನ್, 6 ರನ್, 5 ವಿಕೆಟ್. ನಮ್ಮ ಬ್ಯಾಟರ್‌ಗಳು ಆಮೇಲೆ ಏನೇ ಮಾಡಿಕೊಂಡಿದ್ದರೂ ಈ ಅಂಕಿಗೆ ಮುಕ್ಕಾಗುತ್ತಿರಲಿಲ್ಲ, ಯಾಕೆಂದರೆ ಅದು ಪೂರ್ತಿ ಬೌಲಿಂಗ್‌ನದು. ಬೇಸ್‌ಬಾಲ್‌ನವರ ‘ಗೆಲುವು’ ಹಾಗಲ್ಲ. ಶುರು ಮಾಡಿದ ಪಿಚರ್ ಕನಿಷ್ಠ 5 ಇನ್ನಿಂಗ್ಸ್ ಎಸೆಯಬೇಕು, ಅವನು ಹೊರಡುವಾಗ ತಂಡ ಮುಂದಿರಬೇಕು, ಆ ಮುನ್ನಡೆ ಕೊನೆಯವರೆಗೆ ಉಳಿಯಬೇಕು. ಹಿಂದೆ ಬಂದವನು ಕೈಚೆಲ್ಲಿದರೆ ಇವನಿಗೆ ಏನೂ ಇಲ್ಲ. ಅದಕ್ಕಿಂತ ಅನ್ಯಾಯ ಅಂದರೆ, ಆ ಕೈಚೆಲ್ಲಿದವನು ಇನ್ನೂ ಮೈದಾನದಲ್ಲಿರುವಾಗ ಅವನ ತಂಡ ಮತ್ತೆ ರನ್ ಹೊಡೆದು ಗೆದ್ದರೆ, ಗೆಲುವು ಅವನ ಹೆಸರಿಗೇ ಹೋಗಬಹುದು.

2018ರಲ್ಲಿ ನ್ಯೂಯಾರ್ಕ್ ಮೆಟ್ಸ್‌ನ ಜೇಕಬ್ ಡಿಗ್ರಾಮ್‌ನ ಇಆರ್‌ಎ 1.70, ಅಂದರೆ 9 ಇನ್ನಿಂಗ್ಸ್‌ಗೆ ಎರಡು ರನ್ ಕೂಡ ಕೊಡಲಿಲ್ಲ. ಗೆಲುವು ಎಷ್ಟು? 10. ಸೋಲು 9. ತಂಡದವರು ಅವನು ಎಸೆಯುವ ದಿನವೇ ಬ್ಯಾಟ್ ಮನೆಯಲ್ಲಿ ಮರೆತು ಬಂದವರ ಹಾಗೆ ಆಡುತ್ತಿದ್ದರು. ಮತ ಹಾಕುವವರು ಆ 10ನ್ನು ಬದಿಗಿಟ್ಟು ವರ್ಷದ ಅತ್ಯುತ್ತಮ ಪಿಚರ್‌ಗೆ ಸಿಗುವ ಸೈ ಯಂಗ್ ಪ್ರಶಸ್ತಿಯನ್ನು ಅವನಿಗೇ ಕೊಟ್ಟರು. 2010ರಲ್ಲಿ ಫೆಲಿಕ್ಸ್ ಹೆರ್ನಾಂಡೆಜ್ 13 ಗೆಲುವು, 12 ಸೋಲಿನೊಂದಿಗೆ ಅದೇ ಪ್ರಶಸ್ತಿ ಪಡೆದಾಗ ಹಳಬರು ಕೂಗಾಡಿದ್ದರು, 2018ಕ್ಕೆ ಆ ಕೂಗು ತಣ್ಣಗಾಗಿತ್ತು. ಯಾವುದೇ ಅಂಕಿ ನೋಡಿದಾಗ ನಾನು ಮೊದಲು ಕೇಳುವುದು, ಇದು ಯಾರು ಮಾಡಿದ ಕೆಲಸ ಅಂತ. ಪಿಚರ್‌ನ ‘ಗೆಲುವು’ ಈ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ, ಪತ್ರಿಕೆಗಳು ಅದನ್ನು ಛಾಪಿಸುವುದು ಬಿಟ್ಟರೂ ನನಗೇನೂ ಬೇಜಾರಿಲ್ಲ.

ಪ್ರಶ್ನೆ: ಐಪಿಎಲ್ ಇಂಪ್ಯಾಕ್ಟ್ ಪ್ಲೇಯರ್ ಹಾಗೆ ಅಲ್ಲೂ ಪಿಚರ್ ಬದಲು ಬೇರೆಯವನು ಬ್ಯಾಟ್ ಮಾಡ್ತಾನಂತೆ. ನಿಮಗೆ ಇಷ್ಟನಾ? (ರಾಣೆಬೆನ್ನೂರು)

ಇಷ್ಟ ಇಲ್ಲ, ಆದರೆ ಒಪ್ಪಿಕೊಂಡಿದ್ದೇನೆ. ಅದರ ಹೆಸರು ಡೆಸಿಗ್ನೇಟೆಡ್ ಹಿಟರ್. ಅಮೆರಿಕನ್ ಲೀಗ್‌ನಲ್ಲಿ 1973ರಲ್ಲೇ ಬಂತು. ನ್ಯಾಷನಲ್ ಲೀಗ್ ಹಟ ಹಿಡಿದು 2022ರಲ್ಲಿ ಕಾಯಂ ಆಗಿ ಒಪ್ಪಿತು, ಮಧ್ಯೆ 2020ರಲ್ಲಿ ಒಂದು ವರ್ಷ ತಾತ್ಕಾಲಿಕವಾಗಿ ಇತ್ತು. ಪಿಚರ್‌ಗಳ ಬ್ಯಾಟಿಂಗ್ ಬಹಳ ಕೆಟ್ಟದಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಬಿ.ಎಸ್. ಚಂದ್ರಶೇಖರ್ ಟೆಸ್ಟ್‌ನಲ್ಲಿ 242 ವಿಕೆಟ್ ತೆಗೆದರು, ಹೊಡೆದ ರನ್ 167. ಅವರು ಬ್ಯಾಟ್ ಹಿಡಿದು ಬರುವುದನ್ನು ನೋಡೋದೂ ಟೆಸ್ಟ್‌ನ ಒಂದು ಭಾಗವೇ ಆಗಿತ್ತು. 2016ರಲ್ಲಿ ಬಾರ್ಟೊಲೊ ಕೊಲೋನ್ ಅನ್ನುವ ದಪ್ಪನೆಯ ಪಿಚರ್ ತನ್ನ 42ನೇ ವಯಸ್ಸಿನಲ್ಲಿ ಮೊದಲ ಹೋಮ್ ರನ್ ಹೊಡೆದ. ಆ ಖುಷಿ ಇನ್ನು ಸಿಗೋದಿಲ್ಲ. ಒಟಾನಿಯ ವಿಷಯ ಬೇರೆ, ಅವನು ಪಿಚರ್ ಕೂಡ. ಪಿಚಿಂಗ್ ಮುಗಿಸಿದ ಮೇಲೂ ಬ್ಯಾಟರ್ ಆಗಿ ಉಳಿಯಬಹುದು ಅಂತ 2022ರಲ್ಲಿ ನಿಯಮವನ್ನೇ ಸಡಿಲಿಸಿದರು, ಹೆಚ್ಚುಕಡಿಮೆ ಅವನೊಬ್ಬನಿಗಾಗಿ.

ಪ್ರಶ್ನೆ: ಪಿಚರ್ ಮೊಣಕೈ ಮಡಚಿ ಎಸೀತಾನಲ್ಲ, ಚಕ್ಕಿಂಗ್ ಅಲ್ವಾ? (ಹಾವೇರಿ)

ಅಲ್ಲ. ಅಲ್ಲಿ ಎಸೆಯುವುದೇ ಆಟ. ಕೈಗೆ ಕಾನೂನಿಲ್ಲ, ನಟನೆಗೆ ಇದೆ. ಬೇಸ್‌ನಲ್ಲಿ ಓಟಗಾರ ಇರುವಾಗ ಎಸೆಯುವ ಹಾಗೆ ಶುರು ಮಾಡಿ ನಿಲ್ಲಿಸಿದರೆ ಅದು ಬಾಕ್, ಎಲ್ಲ ಓಟಗಾರರೂ ಒಂದೊಂದು ಬೇಸ್ ಮುಂದೆ.

ಪ್ರಶ್ನೆ: ಹೊಸ ನಿಯಮಗಳಲ್ಲಿ ಯಾವುದು ಸರಿ, ಯಾವುದು ಸರಿಯಲ್ಲ? ನೇರವಾಗಿ ಹೇಳಿ. (ವಿದ್ಯಾನಗರ, ಹುಬ್ಬಳ್ಳಿ)

ಪಿಚ್ ಕ್ಲಾಕ್, ಅಂದರೆ ಇಷ್ಟು ಸೆಕೆಂಡಿನೊಳಗೆ ಚೆಂಡು ಎಸೆಯಬೇಕು ಅನ್ನುವ ಗಡಿಯಾರ, ಸರಿ. ಬೇಸ್ ಖಾಲಿ ಇದ್ದರೆ 15 ಸೆಕೆಂಡ್, ಓಟಗಾರ ಇದ್ದರೆ 2023ರಲ್ಲಿ 20, 2024ರಿಂದ 18. ಪಿಚರ್ ತಡಮಾಡಿದರೆ ಒಂದು ಬಾಲ್ ದಂಡ (ನಾಲ್ಕಾದರೆ ವಾಕ್), ಬ್ಯಾಟರ್ ತಡಮಾಡಿದರೆ ಒಂದು ಸ್ಟ್ರೈಕ್ (ಮೂರಾದರೆ ಔಟ್). 2022ರಲ್ಲಿ ಸರಾಸರಿ 3 ಗಂಟೆ 4 ನಿಮಿಷ ಎಳೆಯುತ್ತಿದ್ದ ಪಂದ್ಯ 2023ರಲ್ಲಿ 2 ಗಂಟೆ 40 ನಿಮಿಷಕ್ಕೆ ಬಂತು. ಕಳೆದುಹೋದದ್ದು ಏನು? ಕೈಗವಸು ಬಿಚ್ಚಿ ಕಟ್ಟುವುದು. ನ್ಯೂಯಾರ್ಕ್‌ನಲ್ಲಿ ರಾತ್ರಿ ಏಳಕ್ಕೆ ಶುರುವಾಗುವ ಪಂದ್ಯ ನಮಗೆ ನಸುಕಿನ ನಾಲ್ಕೂವರೆ. ಈಗ ಏಳೂಕಾಲಿಗೆ ಮುಗಿಸಿ ಸ್ನಾನಕ್ಕೆ ಹೋಗಬಹುದು.

ಮೂರು ಬ್ಯಾಟರ್ ನಿಯಮ ನನಗೆ ಅರ್ಧಂಬರ್ಧ. 2020ರಿಂದ, ಬಂದ ಪಿಚರ್ ಕನಿಷ್ಠ ಮೂವರಿಗೆ ಎಸೆಯಬೇಕು, ಇಲ್ಲವೇ ಇನ್ನಿಂಗ್ಸ್ ಮುಗಿಯಬೇಕು. ಮುಂಚೆ ಒಬ್ಬ ಎಡಗೈ ಬ್ಯಾಟರ್‌ಗಾಗಿ ಒಬ್ಬ ಎಡಗೈ ಪಿಚರ್‌ನನ್ನು ಕರೆಸಿ, ಒಂದು ಔಟ್ ಆದ ಕೂಡಲೇ ಕಳಿಸಿಬಿಡುತ್ತಿದ್ದರು. ಬೇಸರ ಹೌದು, ಆದರೆ ಅದು ಮ್ಯಾನೇಜರ್‌ನ ಬುದ್ಧಿವಂತಿಕೆ. ಗಡಿಯಾರ ಬಂದ ಮೇಲೆ ಈ ನಿಯಮ ತೆಗೆದುಹಾಕಬಹುದಿತ್ತು.

ಪೂರ್ತಿ ತಪ್ಪು ಅಂದರೆ ಭೂತ ಓಟಗಾರ. ಪಂದ್ಯ ಟೈ ಆಗಿ ಹತ್ತನೇ ಇನ್ನಿಂಗ್ಸ್‌ಗೆ ಹೋದರೆ ಎರಡನೇ ಬೇಸ್‌ನಲ್ಲಿ ಪುಕ್ಕಟೆ ಒಬ್ಬನನ್ನು ನಿಲ್ಲಿಸುತ್ತಾರೆ. ಅವನು ಅಲ್ಲಿಗೆ ಹೇಗೆ ಬಂದ? ಯಾರೂ ಹೊಡೆದಿಲ್ಲ, ಯಾರೂ ಓಡಿಲ್ಲ. ಪುಣ್ಯಕ್ಕೆ ಪ್ಲೇಆಫ್‌ನಲ್ಲಿ ಇದಿಲ್ಲ. ಮೇಲೆ ಹೇಳಿದ ಆ ಮೂರನೇ ಪಂದ್ಯ 18 ಇನ್ನಿಂಗ್ಸ್ ನಡೆಯಿತು, 6 ಗಂಟೆ 39 ನಿಮಿಷ. ಇಲ್ಲಿ ಹಾಲಿನವನು ಬರುವ ಹೊತ್ತಿಗೆ ಶುರುವಾದದ್ದು ಫ್ರೆಡ್ಡಿ ಫ್ರೀಮನ್ ಹೋಮ್ ರನ್ ಹೊಡೆದು ಮುಗಿಸುವಾಗ ಮಧ್ಯಾಹ್ನ ದಾಟಿತ್ತು. ನಾನು ಆಫೀಸಿನಲ್ಲಿ ಫೈಲಿನ ಕೆಳಗೆ ಮೊಬೈಲ್ ಇಟ್ಟುಕೊಂಡು ನೋಡಿದೆ, ಸಾಹೇಬರು ಈ ಪತ್ರಿಕೆ ಓದುವುದಿಲ್ಲ.

ಪ್ರಶ್ನೆ: ನಮ್ಮ ಮಗನಿಗೆ ಹನ್ನೆರಡು. ಶಾಲೆಯ ಬೇಸ್‌ಬಾಲ್ ತಂಡದಲ್ಲಿ ಪಿಚರ್. ಸರ್ ದಿನಾ ಎಸೆಯಲು ಹೇಳುತ್ತಾರೆ, ಮೊಣಕೈ ನೋವು ಅನ್ನುತ್ತಾನೆ. (ಧಾರವಾಡ)

ಮೊದಲು ಎಸೆಯುವುದು ನಿಲ್ಲಿಸಿ, ಮೂಳೆ ಡಾಕ್ಟರಿಗೆ ತೋರಿಸಿ. ಆಮೇಲೆ ಸರ್ ಹತ್ತಿರ ಮಾತಾಡಿ. ಅಮೆರಿಕದ ಲಿಟಲ್ ಲೀಗ್‌ನಲ್ಲಿ 11–12 ವಯಸ್ಸಿನವರಿಗೆ ದಿನಕ್ಕೆ 85 ಎಸೆತವೇ ಮಿತಿ, 66 ಅಥವಾ ಅದಕ್ಕಿಂತ ಜಾಸ್ತಿ ಎಸೆದರೆ ನಾಲ್ಕು ದಿನ ವಿಶ್ರಾಂತಿ ಕಡ್ಡಾಯ. 41 ಅಥವಾ ಅದಕ್ಕಿಂತ ಜಾಸ್ತಿ ಎಸೆದವನನ್ನು ಅದೇ ದಿನ ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಇದ್ದ ಹಾಗೆ) ಆಗಿಯೂ ನಿಲ್ಲಿಸುವಂತಿಲ್ಲ, ಯಾಕೆಂದರೆ ಕ್ಯಾಚರ್ ಕೂಡ ಪ್ರತಿ ಸಲ ಚೆಂಡು ವಾಪಸ್ ಎಸೆಯುತ್ತಾನೆ. 1974ರಲ್ಲಿ ಟಾಮಿ ಜಾನ್ ಅನ್ನುವ ಪಿಚರ್‌ನ ಮೊಣಕೈಯ ಲಿಗಮೆಂಟ್ ಹರಿದಾಗ ಡಾಕ್ಟರ್ ಫ್ರಾಂಕ್ ಜೋಬ್ ಅವನ ಇನ್ನೊಂದು ಕೈಯಿಂದ ಟೆಂಡನ್ ತೆಗೆದು ಕೂರಿಸಿದರು. ಅವನು 1976ರಲ್ಲಿ ಮರಳಿ, 1989ರವರೆಗೆ ಆಡಿದ. ಆ ಆಪರೇಷನ್‌ಗೆ ಇವತ್ತಿಗೂ ಅವನದೇ ಹೆಸರು. ಆದರೆ ಅದು ದೊಡ್ಡವರ ಕಥೆ. ಹನ್ನೆರಡರ ಹುಡುಗನ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಒಂದು ನೋಟ್‌ಬುಕ್ ಇಡಿ, ದಿನಾಂಕ ಮತ್ತು ಎಸೆತ ಎಷ್ಟು ಅಂತ ಬರೆಯಿರಿ, ಪ್ರಾಕ್ಟೀಸ್‌ನದೂ ಸೇರಿಸಿ. ಸರ್ ಕೇಳಿದರೆ ಆ ಪುಟ ತೋರಿಸಿ.