ಪೊಲೀಸ್ ಜೀಪಿನ ಕಡು ನೀಲಿ ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮೂರು ತೀರ್ಥಹಳ್ಳಿ ಹತ್ತಿರ. ನಾನು ಚಿಕ್ಕವನಿದ್ದಾಗ ಪೊಲೀಸ್ ಜೀಪ್ ಅಂದರೆ ಕಡು ನೀಲಿ. ಈಗ ಬಿಳಿ ಬೊಲೆರೊ, ಮೈತುಂಬ ಸ್ಟಿಕ್ಕರ್. ಆಗುಂಬೆ ಘಾಟಿಯ ಮಂಜಿನಲ್ಲಿ ಬಿಳಿ ಗಾಡಿ ಕಾಣುವುದೇ ಕಷ್ಟ. ಮಂಜನ್ನು ಸೀಳುವ ಹಳದಿ ಬಳಿಯಬಾರದಾ? ಇನ್ನೊಂದು, ಹಳೇ ಜೀಪ್ ಕೊಂಡಿದ್ದೇನೆ. ಅದಕ್ಕೆ ಮಿಲಿಟರಿ ಹಸಿರು ಹೊಡೆಸಬಹುದಾ?

ಉತ್ತರ: ಮಂಜಿನಲ್ಲಿ ಬಿಳಿ ಗಾಡಿ ಕರಗಿಹೋಗುವುದು ನಿಜ. ಆದರೆ ಆ ಕಡು ನೀಲಿ ನಮ್ಮ ಮಳೆಗಾಲಕ್ಕೆ ಇನ್ನೂ ಕೆಟ್ಟದು. ಸಂಜೆ ಮರದ ನೆರಳಲ್ಲಿ ನಿಂತರೆ ಗಾಡಿ ಇದೆ ಅಂತಲೇ ಗೊತ್ತಾಗುವುದಿಲ್ಲ. ಪೊಲೀಸರನ್ನು ಜಾಗಕ್ಕೆ ಮುಟ್ಟಿಸುವುದಷ್ಟೇ ಕೆಲಸವಾದರೆ ಯಾವ ಬಣ್ಣವಾದರೂ ನಡೆಯುತ್ತದೆ. ಗಸ್ತಿನ ಗಾಡಿಗೆ ಹಾಗಲ್ಲ, ಜನರ ಕಣ್ಣಿಗೆ ಬೀಳುವುದೇ ಅದರ ಅರ್ಧ ಕೆಲಸ.

ಬೇರೆ ದೇಶಗಳಲ್ಲೂ ಬಣ್ಣ ಹೀಗೇ ಬದಲಾಗಿದೆ. ಬ್ರಿಟನ್ನಿನಲ್ಲಿ 1960ರ ದಶಕದಲ್ಲಿ ತಿಳಿನೀಲಿ-ಬಿಳಿಯ 'ಪಾಂಡಾ ಕಾರು' ಓಡಾಡುತ್ತಿದ್ದವು. ಆಮೇಲೆ ಬಿಳಿ ಮೈಗೆ ಕೆಂಪು ಪಟ್ಟಿ ಬಂತು. ಜನ ಅದನ್ನು 'ಜಾಮ್ ಸ್ಯಾಂಡ್‌ವಿಚ್' ಅಂತ ಆಡಿಕೊಂಡರು. 1990ರ ದಶಕದಲ್ಲಿ ನೀಲಿ-ಹಳದಿ ಚೌಕಗಳು ಬಂದವು. 500 ಮೀಟರ್ ದೂರದಿಂದಲೇ ಗುರುತು ಸಿಗಬೇಕು ಎನ್ನುವುದು ಅದರ ಲೆಕ್ಕ. ಜರ್ಮನಿಯವರು ಹಸಿರು-ಬಿಳಿ ಬಿಟ್ಟು, ಬೆಳ್ಳಿ ಬಣ್ಣದ ಕಾರಿಗೆ ನೀಲಿ ಸ್ಟಿಕ್ಕರ್ ಅಂಟಿಸಿದರು. ಸೇವೆ ಮುಗಿದ ಮೇಲೆ ಸ್ಟಿಕ್ಕರ್ ಕಿತ್ತರೆ ಕಾರು ಒಳ್ಳೆ ಬೆಲೆಗೆ ಹೋಗುತ್ತದೆ. ಜಾಣ ಲೆಕ್ಕ, ಅಲ್ವಾ?

ಇನ್ನು ಹಳದಿ ಮಂಜನ್ನು ಸೀಳುತ್ತದೆ ಎನ್ನುವುದು ಬರೀ ನಂಬಿಕೆ. ಮಂಜಿನ ಹನಿ ಬೆಳಕಿನ ತರಂಗಕ್ಕಿಂತ ತುಂಬಾ ದೊಡ್ಡದು. ಅದು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಥರ ಚದುರಿಸುತ್ತದೆ. ಹಗಲಿನಲ್ಲಿ ಫ್ಲೋರೊಸೆಂಟ್ ಹಳದಿ-ಹಸಿರು ಚೆನ್ನಾಗಿ ಕಾಣುತ್ತದೆ ಎನ್ನುವುದು ನಿಜ. ನಮ್ಮ ಕಣ್ಣು ಹಗಲಲ್ಲಿ ಜಾಸ್ತಿ ಸ್ಪಂದಿಸುವುದು 555 ನ್ಯಾನೊಮೀಟರ್ ತರಂಗದುದ್ದದ ಸುತ್ತಿನ ಆ ಬಣ್ಣಕ್ಕೇ. ಆದರೆ ಅದು ಹೊಳೆಯಲು ಹಗಲಿನ ಬೆಳಕಿನ ನೇರಳಾತೀತ, ನೀಲಿ ಕಿರಣ ಬೇಕು. ಕತ್ತಲಾದ ಮೇಲೆ ಆ ಆಟ ಮುಗಿಯಿತು.

ರಾತ್ರಿ ಕೆಲಸಕ್ಕೆ ಬರುವುದು ರಿಫ್ಲೆಕ್ಟರ್ ಟೇಪು. ಅದರೊಳಗೆ ಸಣ್ಣ ಗಾಜಿನ ಮಣಿಗಳೋ ಪ್ರಿಸಂಗಳೋ ಇರುತ್ತವೆ. ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುತ್ತವೆ. ಹೆಡ್‌ಲೈಟ್ ಬಿದ್ದಾಗ ದನದ ಕಣ್ಣು ಫಳ್ಳನೆ ಹೊಳೆಯುತ್ತದಲ್ಲ, ಹಾಗೆ. ಆದರೆ ಟೇಪಿನ ಮೇಲೆ ರಾಡಿ ಕೂತರೆ ಅದು ಇದ್ದೂ ಇಲ್ಲದ ಹಾಗೆ. ಮಳೆಗಾಲದಲ್ಲಿ ಜಾಸ್ತಿ ರಾಡಿಯಾಗುವುದು ಗಾಡಿಯ ಹಿಂಭಾಗವೇ, ಹಿಂದಿನಿಂದ ಬರುವವನಿಗೆ ಕಾಣಬೇಕಾದ್ದೂ ಅದೇ. ನನ್ನನ್ನು ಕೇಳಿದರೆ ಪಕ್ಕದ ಘೋಷವಾಕ್ಯ ಕಡಿಮೆ ಮಾಡಿ, ಹಿಂದೆ ಅಗಲವಾದ ಟೇಪ್ ಹಾಕಿ, ದಿನಾ ಒರೆಸಬೇಕು. ಹುಲಿಕಲ್ ಘಾಟಿಯ ತಿರುವಿನಲ್ಲಿ ಯಾರೂ ಘೋಷವಾಕ್ಯ ಓದುತ್ತಾ ಕೂರುವುದಿಲ್ಲ.

ಗಾಡಿಯ ಮೇಲಿನ ಲೈಟಿನಲ್ಲಿ ಕೆಂಪಿನ ಜೊತೆ ನೀಲಿಯೂ ಇರುವುದು ಸುಮ್ನೆ ಅಲ್ಲ. ಬೆಳಕು ಇಳಿದಂತೆ ನಮ್ಮ ಕಣ್ಣಿಗೆ ಕೆಂಪು ಬೇಗ ಮಂಕಾಗುತ್ತದೆ, ನೀಲಿ ಉಳಿಯುತ್ತದೆ. 2017ರ ಮೇ 1ರಿಂದ ಗೂಟದ ಕಾರಿನ ಕಾಲ ಮುಗಿಯಿತು. ತುರ್ತು ಕೆಲಸದ ಪೊಲೀಸ್ ಗಾಡಿಗೆ ಕೆಂಪು, ನೀಲಿ, ಬಿಳಿ ಲೈಟ್ ಉಳಿದುಕೊಂಡಿತು.

ನಿಮ್ಮ ಜೀಪಿಗೆ ಆಲಿವ್ ಹಸಿರು ಬೇಡ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಅದು ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ಮಲೆನಾಡಿನ ತೋಟಗಳಲ್ಲಿ ಅಂಥ ಜೀಪು ಕಂಡಿರಬಹುದು, ಅದನ್ನು ನೋಡಿ ಧೈರ್ಯ ಮಾಡಬೇಡಿ. ಬೇರೆ ಬಣ್ಣ ಹೊಡೆಸುವುದಾದರೂ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. ಆರ್‌ಸಿಯಲ್ಲಿ ಬಣ್ಣವೂ ನಮೂದಾಗಿರುತ್ತದೆ.