ತಾತನ ಅಂಗಡಿಯ ಹಳೇ ಫೋಟೋ ಯಾವ ವರ್ಷದ್ದು ಅಂತ ತಿಳಿಯೋದು ಹೇಗೆ?

ಮಂಡ್ಯದ ಪೇಟೆ ಬೀದಿಯಲ್ಲಿದ್ದ ನಿಮ್ಮ ತಾತನ ದಿನಸಿ ಅಂಗಡಿಯ ಫೋಟೋ ಯಾವ ವರ್ಷದ್ದು, ಗಾಜಿಗೆ ಅಂಟಿಕೊಂಡಿರೋದನ್ನ ಬಿಡಿಸಬಹುದಾ ಅಂತ ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ದಯವಿಟ್ಟು ಬಿಡಿಸಬೇಡಿ.

ಮೈಸೂರಿನಲ್ಲಿ ನಮ್ಮ ತಾತನದು ಪಾತ್ರೆ ಅಂಗಡಿ. ಅದರದ್ದೂ ಒಂದೇ ಒಂದು ಫೋಟೋ ಇತ್ತು. ಕಟ್ಟು ಹಳೆಯದಾಯಿತು ಅಂತ ಒಂದು ಸ್ಟುಡಿಯೋಗೆ ಕೊಟ್ಟೆವು. ಅವರು ಗಾಜಿನಿಂದ ಎಳೆದು ಕಿತ್ತರು. ಆ ಕಾಲದ ಕಪ್ಪು-ಬಿಳುಪು ಫೋಟೋದಲ್ಲಿ ಚಿತ್ರ ಇರೋದು ಕಾಗದದ ಮೇಲಿನ ಜೆಲಟಿನ್ ಪದರದಲ್ಲಿ. ತೇವ ತಗುಲಿದರೆ ಅದು ಗಾಜಿಗೆ ಕಚ್ಚಿಕೊಳ್ಳುತ್ತದೆ. ಕಿತ್ತಾಗ ಅಂಗಡಿ ಬಂತು, ತಾತ ಬಂದರು. ಜಗಲಿ ಕೆಳಗೆ ಕೂತು ತಿದಿ ಒತ್ತುತ್ತಿದ್ದ, ಪಾತ್ರೆಗೆ ತವರ ಬಳಿಯುವ ಕಲಾಯಿಯವರ ಮುಖ ಮಾತ್ರ ಗಾಜಿನಲ್ಲೇ ಉಳಿಯಿತು. ಈಗ ಅವರ ಕೈ ಇದೆ, ಮುಂದೆ ಬೋರಲು ಹಾಕಿದ ತಪ್ಪಲೆ ಇದೆ, ಮುಖದ ಜಾಗದಲ್ಲಿ ಬರೀ ಬಿಳಿ ಕಾಗದ.

ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ, 600 ಡಿಪಿಐಗಿಂತ ಕಡಿಮೆ ಬೇಡ. ಆಮೇಲೆ ದೊಡ್ಡದು ಮಾಡಿಕೊಂಡು ಮೂಲೆ ಮೂಲೆ ಹುಡುಕಿ.

ಮೊದಲು ಬೋರ್ಡು ಓದಿ. ‘ಮಂಡ್ಯ, ಮೈಸೂರು ಜಿಲ್ಲೆ’ ಅಂತಿದ್ದರೆ ಅದನ್ನು ಬರೆಸಿದ್ದು 1939ಕ್ಕಿಂತ ಮುಂಚೆ, ಯಾಕೆಂದರೆ ಮಂಡ್ಯ ಜಿಲ್ಲೆ ಆಗಿದ್ದೇ ಆ ವರ್ಷ. ಆದರೆ ಬೋರ್ಡು ಬದಲಿಸದೆ ಹಾಗೇ ಬಿಡೋರು ಜಾಸ್ತಿ. ಬೆಲೆ ಬರೆದ ಹಲಗೆಯನ್ನೇ ಹೆಚ್ಚು ನಂಬಬಹುದು, ಬೆಲೆ ದಿನಾ ಬದಲಾಗುತ್ತೆ ಅಲ್ವಾ. ಸೇರು, ಆಣೆ ಅಂತಿದ್ದರೆ ಹಳೇ ಲೆಕ್ಕ. ನಯಾಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ, ‘ನಯಾ’ ಅನ್ನೋದನ್ನು ಬಿಟ್ಟದ್ದು 1964ರಲ್ಲಿ. ಕಿಲೋ ತೂಕ ಶುರುವಾದದ್ದು 1958ರಲ್ಲಿ. ತಕ್ಕಡಿ ಪಕ್ಕ ಆರು ಮೂಲೆಯ ಕಬ್ಬಿಣದ ತೂಕದ ಬೊಟ್ಟುಗಳು ಕಂಡರೆ ಅವು ಕಿಲೋ ಕಾಲದವು.

ಗೋಡೆ ಮೇಲೆ ಕ್ಯಾಲೆಂಡರ್ ಇದೆಯಾ ನೋಡಿ. ವರ್ಷ ಕಾಣದಿದ್ದರೂ ತಿಂಗಳು, ಒಂದನೇ ತಾರೀಕು ಯಾವ ವಾರ ಅನ್ನೋದು ಕಂಡರೆ ಸಾಕು. ಉಳಿದ ಗುರುತುಗಳ ಜೊತೆ ಸೇರಿಸಿದರೆ ಒಂದೋ ಎರಡೋ ವರ್ಷ ಉಳಿಯುತ್ತವೆ. ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 1940ರಲ್ಲಿ; ಅವರ ಪಟ ಇದೆ ಅಂತ ಫೋಟೋ ಅದಕ್ಕಿಂತ ಮುಂಚಿನದು ಅಂದುಕೊಳ್ಳಬೇಡಿ. ನಮ್ಮ ಕಡೆ ಆ ಪಟವನ್ನು ಇವತ್ತಿಗೂ ಯಾರೂ ಇಳಿಸಿಲ್ಲ.

ವರ್ಷ ಇವತ್ತಲ್ಲ ನಾಳೆ ಸಿಕ್ಕೀತು. ಫೋಟೋದಲ್ಲಿ ತಾತನ ಜೊತೆ ಇರೋರು ಯಾರು ಅಂತ ಮೊದಲು ಕೇಳಿಕೊಳ್ಳಿ. ಮೂಟೆ ಹೊತ್ತವರು, ಲೆಕ್ಕ ಬರೆಯುತ್ತಿದ್ದವರು, ಗಾಡಿ ಹೊಡೆಯುತ್ತಿದ್ದವರು. ಅವರ ಮನೆಯವರ ಹತ್ತಿರ ಒಂದು ಫೋಟೋನೂ ಇರಲಿಕ್ಕಿಲ್ಲ. ನಾನು ಕಲಾಯಿಯವರ ಬಗ್ಗೆ ನಮ್ಮ ದೊಡ್ಡತ್ತೆಯನ್ನು ಕೇಳಿದೆ. ಕಾದ ಪಾತ್ರೆಗೆ ನವಸಾಗರ ಉದುರಿಸಿ, ತವರ ತಾಗಿಸಿ, ಹತ್ತಿಯಲ್ಲಿ ಒಂದು ಸುತ್ತು ಉಜ್ಜಿದರೆ ಒಳಗೆಲ್ಲ ಬೆಳ್ಳಿ ಹಾಗೆ ಹೊಳೆಯುತ್ತಿತ್ತು, ಬಿಳೀ ಹೊಗೆಗೆ ಮಕ್ಕಳೆಲ್ಲ ಕೆಮ್ಮುತ್ತಿದ್ದರು ಅಂದರು. ಹೆಸರು ಕೇಳಿದರೆ, “ಕಲಾಯಿ ಸಾಬರು ಅಂತಲೇ ಕರೀತಿದ್ವಿ ಕಣಪ್ಪ, ಹೆಸರು ನಿಮ್ಮ ತಾತಂಗೆ ಗೊತ್ತಿತ್ತು” ಅಂದರು.

ನಿಮ್ಮ ಮನೆಯಲ್ಲಿ ಹಿರಿಯರು ಯಾರಿದ್ದರೂ ಈ ಭಾನುವಾರವೇ ಫೋಟೋ ಮುಂದಿಟ್ಟುಕೊಂಡು ಕೂರಿ. ಅವರು ಹೇಳಿದ ಒಂದೊಂದು ಹೆಸರನ್ನೂ, ಯಾರು ಎಲ್ಲಿ ನಿಂತಿದ್ದಾರೆ ಅನ್ನೋದನ್ನೂ ಬೇರೆ ಕಾಗದದಲ್ಲಿ ಬರೆದು ಕಟ್ಟಿನ ಹಿಂದೆ ಸಿಕ್ಕಿಸಿಡಿ.